ಸೊಂಟದ ಮೇಲಿನ ಕಪ್ಪು ಕಲೆ

ನನ್ನ ಅಣ್ಣ ಮನೆಗಳಿಗೆ ಬಣ್ಣ ಹೊಡೆಯುವವನು. ಒಮ್ಮೆ ಅವನಿಗೆ ಬಂದ ಜ್ವರ ವಾರವಾದರೂ ಬಿಡಲಿಲ್ಲ. ಮೈತುಂಬ ಕೆಂಪು ದದ್ದು ಎದ್ದಿತು. ಯಾವ ಮಾತ್ರೆಯೂ ನಾಟದೆ ಅತ್ತಿಗೆ ಕಂಗಾಲಾಗಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅಂಗಿ ಬಿಚ್ಚಿಸಿ ಮೈಯೆಲ್ಲ ನೋಡಿದರು. ಸೊಂಟದ ಹತ್ತಿರ ಕಪ್ಪು ಹಕ್ಕಳೆಯೊಂದು ಕಂಡಿತು.

"ಇದೇನ್ರಿ?"

"ಬಣ್ಣ ಡಾಕ್ಟ್ರೇ. ಥಿನ್ನರ್ ಹಾಕಿ ಉಜ್ಜಿದ್ರೂ ಹೋಗ್ಲಿಲ್ಲ."

"ನೀವು ಹೊಡೆದ ಗೋಡೆ ಬಣ್ಣ ಇಷ್ಟು ಗಟ್ಟಿ ನಿಂತಿದ್ರೆ ಸಾಕಿತ್ತು!" ಎಂದರು ಅತ್ತಿಗೆ.

ಡಾಕ್ಟರಮ್ಮ ನಕ್ಕರು. "ಇದು ಹುಳ ಕಚ್ಚಿದ ಗಾಯ. ಹುಲ್ಲಲ್ಲಿ ಮಲಗಿದ್ರಾ?"

"ಕೆಲಸದ ಕಡೆ ಮಧ್ಯಾಹ್ನ ಊಟ ಆದ್ಮೇಲೆ ದಿನಾ ಹುಲ್ಲಲ್ಲೇ ನಿದ್ದೆ."

"ಹಾಗಾದ್ರೆ ಜ್ವರ ಆ ಹುಳ ಕಚ್ಚಿದ್ರಿಂದ್ಲೇ ಇರ್ಬೇಕು. ಪರೀಕ್ಷೆಗೆ ರಕ್ತ ಕೊಡಿ. ಔಷಧಿ ಈಗ್ಲೇ ಶುರು ಮಾಡೋಣ."

ಜ್ವರ ಬೇಗ ಇಳಿಯಿತು. ಅಣ್ಣ ಮತ್ತೆ ಏಣಿ ಹತ್ತಿದ. ಈಗ ಅವನು ಕೆಲಸದಿಂದ ಬಂದರೆ, ಮೈಮೇಲಿನ ಪ್ರತಿ ಕಲೆಯನ್ನೂ ಅತ್ತಿಗೆ ಉಗುರಿನಿಂದ ಕೆರೆದು ನೋಡುತ್ತಾರೆ.