ಚೌಕಟ್ಟಿನ ಮೇಲಿನ ಓರೆ ಮೆಜೂಜಾ

ಹೊಸ ಬಾಗಿಲಿನ ವಾರ್ನಿಷ್ ವಾಸನೆ ಬಂದರೆ ನನಗೆ ಹುಬ್ಬಳ್ಳಿಯ ದುರ್ಗದಬೈಲ್ ಬಳಿಯ ನಮ್ಮ ಬಾಡಿಗೆ ಮನೆ ನೆನಪಾಗುತ್ತದೆ. ನಾವು ಯಹೂದಿಗಳು. ಮನೆ ಹೊಕ್ಕ ದಿನವೇ ಅಜ್ಜಿ ಬಾಗಿಲ ಚೌಕಟ್ಟಿಗೆ ಮೆಜೂಜಾ ಹೊಡೆಸಿದಳು. ಅದು ದೇವರ ಮಾತು ಬರೆದ ಚರ್ಮದ ಸುರುಳಿಯಿರುವ ಪುಟ್ಟ ಕೊಳವೆ. ಮನೆಯೊಡತಿ ಗಂಗಕ್ಕ ಅದನ್ನು ಮಾಟವೆಂದೇ ತಿಳಿದರು.

"ತಗೀರಿ, ಇಲ್ಲಾಂದ್ರ ಮನಿ ಬಿಡ್ರಿ."

"ನೀವು ಹೊಸ್ತಲಕ್ಕ ಕುಂಕುಮ ಹಚ್ಚತೀರಿ, ನಾವು ಚೌಕಟ್ಟಿಗೆ ದೇವರ ಮಾತು ಕಟ್ಟತೇವ್ರಿ," ಎಂದಳು ಅಜ್ಜಿ.

"ಮತ್ತ ಸೊಟ್ಟ ಯಾಕ ಐತಿ?"

"ನಮ್ಮ ಪಂಡಿತರಾಗ ಒಬ್ರು ನಿಲ್ಲಸ್ರಿ ಅಂದ್ರು, ಒಬ್ರು ಮಲಗಸ್ರಿ ಅಂದ್ರು. ಇಬ್ಬರ ಮಾತೂ ಉಳೀಲಂತ ಓರೆ."

ಗಂಗಕ್ಕ ನಕ್ಕುಬಿಟ್ಟರು. "ಹಂಗಾರ ಇರ್ಲಿ ಬಿಡ್ರಿ. ನಮ್ಮ ಅತ್ತಿ-ಸೊಸಿ ಜಗಳಕ್ಕೂ ಇಂಥಾದೊಂದು ಬೇಕಿತ್ತು!"

ಪಂಡಿತರ ಆ ವಾದದಲ್ಲಿ ಗೆದ್ದವರು ಯಾರೆಂದು ಈಗ ನನ್ನ ಮಗಳು ಕೇಳುತ್ತಾಳೆ. ಇಬ್ಬರೂ ಎಂದು ಹೆಮ್ಮೆಯಿಂದ ಹೇಳುತ್ತೇನೆ.