ಅಕ್ಕನ ಹೆಸರಿನ ಕಾರು

ದಿವಾಳಿಯಾದಾಗ ನಾನು ನನ್ನ ಕಾರನ್ನು ಬಚ್ಚಿಟ್ಟೆ. ಯಾವುದೋ ಶೆಡ್ಡಿನಲ್ಲಲ್ಲ — ನನ್ನ ಅಕ್ಕನ ಹೆಸರಿನಲ್ಲಿ. ಗಂಡ ತೀರಿಕೊಂಡಿದ್ದರು, ಮಕ್ಕಳಿಲ್ಲ, ಚಾಮರಾಜಪೇಟೆಯ ಒಂದು ವಠಾರದಲ್ಲಿ ಸೀರೆಗಳಿಗೆ ಕುಚ್ಚು ಕಟ್ಟಿ ಬದುಕುತ್ತಿದ್ದವಳು. ಬಡವರಿಗೆ ಸರ್ಕಾರ ಕೊಡುವ ಬಿಪಿಎಲ್ ಕಾರ್ಡು ಒಂದೇ ಅವಳಿಗಿದ್ದ ಆಸರೆ. ಕಾರು ನನಗೆ ಉಳಿಯಿತು. ಕಾರ್ಡು ಅವಳ ಕೈತಪ್ಪಿತು. ಆಮೇಲೆ ಎಡಗಣ್ಣು... ಅದನ್ನು ಮುಂದೆ ಹೇಳುತ್ತೇನೆ. ಹೇಳದೆ ಬಿಡುವುದಿಲ್ಲ.

ನಾನು ಚೌಕಾಸಿಯಲ್ಲೇ ಹೊಟ್ಟೆ ಹೊರೆದವನು. ಅವೆನ್ಯೂ ರಸ್ತೆಯಲ್ಲಿ ಬೇರೆಯವರ ಅಂಗಡಿಯ ಕಸ ಗುಡಿಸುವುದರಿಂದ ಶುರುಮಾಡಿ, ಅದೇ ರಸ್ತೆಯ ಗಲ್ಲಿಯೊಂದರಲ್ಲಿ ಸ್ವಂತದ್ದೊಂದು ಮದುವೆ ಕಾರ್ಡಿನ ಅಂಗಡಿ ಮಾಡಿದೆ. ಎದುರಿನವನು ತಾನಾಗಿ ಬೆಲೆ ಇಳಿಸುವ ತನಕ ನಾನು ಕಾಗದದ ರೀಮನ್ನು ತಿರುವಿ ಮುರುವಿ ನೋಡುತ್ತಾ ಸುಮ್ಮನಿರುತ್ತಿದ್ದೆ. ಅಕ್ಕಪಕ್ಕದ ಅಂಗಡಿಯವರು ಸರಕು ಕೊಳ್ಳುವಾಗ ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಆ ಹೆಮ್ಮೆ ನನಗೆ ಬಹಳ ಇತ್ತು.

ಆಮೇಲೆ ಜನ ಮದುವೆಯ ಕರೆಯೋಲೆಯನ್ನು ಫೋನಿನಲ್ಲೇ ಕಳಿಸತೊಡಗಿದರು. ಸಾವಿರ ಕಾರ್ಡು ಹಾಕಿಸುತ್ತಿದ್ದವರು ದೇವರ ಮುಂದಿಡಲಿಕ್ಕೆ, ಹಿರಿಯರ ಕೈಗೆ ಕೊಡಲಿಕ್ಕೆ ಅಂತ ಒಂದು ಕಟ್ಟು ಹಾಕಿಸಿ ಮುಗಿಸುತ್ತಿದ್ದರು. ಆಗ ನಾನು ಕೈ ಬಿಗಿ ಹಿಡಿಯಬೇಕಿತ್ತು. ಅದರ ಬದಲು ಸಾಲ ಮಾಡಿ ದೊಡ್ಡ ಮುದ್ರಣಯಂತ್ರ ತಂದೆ — ಸೋತೆ ಅಂತ ಬೀದಿಗೆ ಗೊತ್ತಾಗಬಾರದಲ್ಲ! ಕೊನೆಗೆ ಕೋರ್ಟಿಗೆ ದಿವಾಳಿ ಅರ್ಜಿ ಹಾಕುವುದೊಂದೇ ದಾರಿಯಾಯಿತು.

ನಿಮಗೆ ಇಂಥ ದಿನ ಬರಬಾರದು. ಬಂದರೆ, ಕಾರಿನ ವಿಷಯದಲ್ಲಿ ನನ್ನ ಮಾತು ಕೇಳಿ. ಗಾಡಿಯ ಮೇಲೆ ಸಾಲ ಬಾಕಿ ಇದ್ದರೆ ಸಾಲ ಕೊಟ್ಟವರು ಬಂದು ಒಯ್ಯುತ್ತಾರೆ. ಅಂಗಡಿಯ ವ್ಯಾನು ನನಗೆ ಹೋದದ್ದು ಹಾಗೆ. ಅವರ ಹತ್ತಿರ ಕೂಗಾಡಬೇಡಿ. ಒಳಗಿರುವ ನಿಮ್ಮ ಸಾಮಾನು ತೆಗೆದುಕೊಂಡು, ಗಾಡಿ ಯಾವ ಸ್ಥಿತಿಯಲ್ಲಿತ್ತು ಅಂತ ಫೋಟೋ ಹಿಡಿದು, ರಸೀದಿ ಕೇಳಿ. ಅದನ್ನು ಮಾರಿದ ಮೇಲೂ ಸಾಲ ತೀರದಿದ್ದರೆ ಉಳಿದದ್ದು ನಿಮ್ಮ ತಲೆಯ ಮೇಲೇ ಇರುತ್ತದೆ. ಸಾಲ ತೀರಿದ ಸ್ವಂತ ಕಾರಾದರೆ ಅದು ಕೋರ್ಟು ನೇಮಿಸುವ ರಿಸೀವರ್ ಕೈಗೆ ಹೋಗುತ್ತದೆ. ಅವರು ಮಾರಿ, ಬಂದದ್ದನ್ನು ಸಾಲ ಕೊಟ್ಟವರಿಗೆಲ್ಲ ಹಂಚುತ್ತಾರೆ. ಆ ಗಾಡಿಯಿಂದಲೇ ನಿಮ್ಮ ಹೊಟ್ಟೆಪಾಡು ನಡೆಯುವುದಾದರೆ ಹಾಗಂತ ಅವರ ಎದುರೇ ಹೇಳಿ, ಸಮಯ ಕೇಳಿ. ಕೇಳುವುದರಲ್ಲಿ ಅವಮಾನವಿಲ್ಲ. ಹೆಸರು ಬದಲಾಯಿಸುವ ಕೆಲಸಕ್ಕೆ ಮಾತ್ರ ಹೋಗಬೇಡಿ.

ನಾನು ಹೋದೆ. ಯಾಕೆ ಅಂತ ಕೇಳಿದರೆ — ದುಡಿಮೆಗೆ ನನಗೆ ಆ ಕಾರು ಬೇಕಾಗಿರಲಿಲ್ಲ. ಆಗ ನಾನಿದ್ದದ್ದು ಎನ್.ಆರ್. ಕಾಲೋನಿಯಲ್ಲಿ. ಅಂಗಡಿ ಮುಚ್ಚಿದ್ದಕ್ಕೆ ‘ಸಾಕಾಯ್ತು, ಸ್ವಲ್ಪ ವಿಶ್ರಾಂತಿ’ ಅಂದರೆ ಜನ ನಂಬುತ್ತಿದ್ದರು. ಮನೆಮುಂದಿನ ಕಾರು ಕಾಣೆಯಾದರೆ ಯಾವ ಸುಳ್ಳು ಹೇಳಲಿ? ಬೆಳಿಗ್ಗೆ ಗಾಂಧಿಬಜಾರಿಗೆ ಕಾಫಿಗೆ ಕಾರಿನಲ್ಲಿ ಹೋಗುವ ನಾರಾಯಣಪ್ಪನಾಗಿಯೇ ಇರಬೇಕಿತ್ತು ನನಗೆ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಅರ್ಜಿ ಹಾಕುವ ಮುಂಚೆ ಒಂದು ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಅವಳ ಹೆಸರು ಲಲಿತ. ಕಿಟಕಿಯ ಸರಳಿಗೆ ಸೀರೆಯ ಸೆರಗು ಬಿಗಿದು ಕುಚ್ಚು ಹಾಕುತ್ತಾ ಕೂತಿದ್ದಳು. ಕಾಗದಗಳನ್ನು ಮುಂದಿಟ್ಟೆ. ಕೈ ಒರೆಸಿಕೊಂಡು, ಯಾತಕ್ಕೆ ಅಂತ ಕೇಳಿದಳು.

“ಏನಿಲ್ಲಕ್ಕ, ಗಾಡಿ ನಿನ್ನ ಹೆಸ್ರಲ್ಲಿರತ್ತೆ ಅಷ್ಟೇ. ಓಡ್ಸೋದು ನಾನೇ.”

“ನನ್ನ ಹೆಸ್ರಲ್ಲಿ ಕಾರಾ? ಸೈಕಲ್ಲೂ ತುಳ್ದಿಲ್ವಲ್ಲೋ ನಾನು” ಅಂತ ನಕ್ಕಳು. ನಗುತ್ತಲೇ ಸಹಿ ಮಾಡಿದಳು. ಫೋನಿಗೆ ಬಂದ ಓಟಿಪಿಯನ್ನು ಕಣ್ಣು ಕಿರಿದು ಮಾಡಿ ಒಂದೊಂದೇ ಅಂಕಿಯಾಗಿ ಓದಿ ಹೇಳಿದಳು. ಅವಳು ಹಾಗೆ ಕಣ್ಣು ಕಿರಿದು ಮಾಡಿದ್ದನ್ನು ನಾನು ಅವತ್ತೇ ನೋಡಿದ್ದೆ — ನೋಡಿದ್ದೆ ಅಷ್ಟೇ.

ಯಾರಿಗೂ ಅನುಮಾನ ಬರದ ಹೆಸರು ಅಂತ ಅವಳದನ್ನು ಆರಿಸಿದ್ದೆ. ಕಾರು ಯಾರ ಹೆಸರಿನಲ್ಲಿದೆಯೋ ಅವರನ್ನು ಸರ್ಕಾರ ಬಡವರೆಂದು ಲೆಕ್ಕ ಹಿಡಿಯುವುದಿಲ್ಲ ಎಂಬ ವಿಷಯ ನನಗೆ ಹೊಳೆಯಲಿಲ್ಲ. ಅಷ್ಟು ಚೌಕಾಸಿ ಮಾಡುತ್ತಿದ್ದ ತಲೆಗೆ ಅದು ಹೊಳೆಯಲಿಲ್ಲ ಎಂದರೆ ನೀವು ನಂಬುವುದು ಕಷ್ಟ. ಅವಳಿಗೆ ಏನಾದೀತು ಅಂತ ನಾನು ಒಂದು ಗಳಿಗೆಯೂ ಯೋಚಿಸಿರಲಿಲ್ಲ, ಹೊಳೆಯುವುದು ಹೇಗೆ?

ವಕೀಲರು ವಾಹನ ಏನಾದರೂ ಇದೆಯೇ ಎಂದು ಕೇಳಿದಾಗ, ಇತ್ತು, ಮಾರಿದೆ ಎಂದೆ. ಆ ವರ್ಷದ ಆಯುಧಪೂಜೆಗೆ ಕಾರನ್ನು ಅಕ್ಕನ ವಠಾರದ ಮುಂದೆ ನಿಲ್ಲಿಸಿದೆ. ಸಾಲ ಕೊಟ್ಟವರ ಕಣ್ಣು ಕಾಲೋನಿಯ ಮೇಲಿತ್ತು, ಅದಕ್ಕೆ. ಅವಳು ಚಕ್ರದಡಿ ನಿಂಬೆಹಣ್ಣಿಟ್ಟು, ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದಳು. ವಠಾರದ ಹೆಂಗಸರು ಅವಳನ್ನು ‘ಕಾರಮ್ಮ’ ಅಂತ ಕರೆಯತೊಡಗಿದರು. ಮೊದಮೊದಲು ಅವಳಿಗೂ ಅದು ತಮಾಷೆಯಾಗಿಯೇ ಇತ್ತು.

ಕಾಗದ ಸರಬರಾಜು ಮಾಡುತ್ತಿದ್ದ ವ್ಯಾಪಾರಿಯೊಬ್ಬರು ನಾನಿನ್ನೂ ಅದೇ ಕಾರಿನಲ್ಲಿ ಓಡಾಡುವುದನ್ನು ನೋಡಿ ರಿಸೀವರಿಗೆ ದೂರು ಕೊಟ್ಟರು. ಅವರಿಗೆ ನಾನು ಕೊಡಬೇಕಾದದ್ದು ಬಹಳವಿತ್ತು. ಅವರ ಸಿಟ್ಟು ನ್ಯಾಯವಾದದ್ದು. ಅಕ್ಕನಿಗೆ ವಿಚಾರಣೆಗೆ ಬರುವಂತೆ ಕರೆ ಬಂತು. ಆ ಬೆಳಿಗ್ಗೆ ಹೋಟೆಲಿನಲ್ಲಿ ಅವಳ ಮುಂದೆ ಕಾಫಿ ಇಟ್ಟು ಪಾಠ ಹೇಳಿಕೊಟ್ಟೆ. ಕಾರು ನಾನೇ ಕೊಂಡೆ ಅನ್ನು. ದುಡ್ಡೆಲ್ಲಿಂದ ಅಂದರೆ ಭಾವ ಕೂಡಿಟ್ಟಿದ್ದರು ಅನ್ನು.

“ಅವರೆಲ್ಲಿ ಕೂಡಿಟ್ಟಿದ್ರೋ?” ಅಂದಳು.

“ಅಲ್ಲಿ ಹಾಗೆ ಹೇಳ್ಬೇಡ.”

ಭಾವ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿಯೇ ಜೀವ ಸವೆಸಿದವರು. ಒಂದು ಸುಳ್ಳೂ ಹೇಳಿದವರಲ್ಲ. ರಿಸೀವರ್ ಕಚೇರಿಯಲ್ಲಿ ಅಕ್ಕ ನನ್ನ ಮುಖ ಒಮ್ಮೆ ನೋಡಿ, ಆಮೇಲೆ ಮೇಜನ್ನು ನೋಡುತ್ತಾ ಹೇಳಿದಳು: “ನಾನೇ ತಗೊಂಡೆ ಸಾರ್. ನಮ್ಮೆಜಮಾನ್ರು ಇಟ್ಟಿದ್ದ ದುಡ್ಡು.” ಅದನ್ನು ಬರೆದುಕೊಂಡು ಸಹಿ ತೆಗೆದುಕೊಂಡರು. ಹೊರಗೆ ಬಂದ ಮೇಲೆ ನನಗೆ ಗೆದ್ದ ಖುಷಿ — ಹೌದು, ಖುಷಿಯೇ. ಮನೆ ಹತ್ತಿರ ಬಂದಾಗ ಅವಳು ಒಂದೇ ಮಾತು ಕೇಳಿದಳು. “ಅವರ ಹೆಸ್ರು ಯಾಕೋ ಹೇಳಿಸ್ದೆ?”

 

ಕೆಲವು ತಿಂಗಳ ಮೇಲೆ ರೇಷನ್ ಅಂಗಡಿಯಲ್ಲಿ ಅವಳು ಹೆಬ್ಬೆಟ್ಟು ಇಟ್ಟರೆ ಯಂತ್ರ ಒಪ್ಪಲಿಲ್ಲ. ಕಾರ್ಡು ರದ್ದಾಗಿತ್ತು, ಕಾರಣ, ಹೆಸರಿನಲ್ಲಿ ಕಾರು. ಅವಳ ಹಿಂದೆ ಸಾಲಿನಲ್ಲಿದ್ದವರೊಬ್ಬರು “ಅಕ್ಕೀನ ಡಿಕ್ಕೀಲೇ ಹಾಕ್ಕೊಂಡ್ ಹೋಗ್ಬೋದಿತ್ತಲ್ಲ ಕಾರಮ್ಮ” ಅಂದರಂತೆ. ಅದನ್ನು ನನಗೆ ಹೇಳುವಾಗ ಅವಳು ನಗಲಿಕ್ಕೆ ನೋಡಿದಳು. ನಾನು ಮನಸ್ಸಿನಲ್ಲೇ ಗುಣಾಕಾರ ಮಾಡಿದೆ. ತಿಂಗಳ ಅಕ್ಕಿಗೆ ಎಷ್ಟು, ಕಾರಿಗೆ ಎಷ್ಟು. ಲಾಭ ನನ್ನ ಕಡೆಗೇ ಇತ್ತು.

“ಅಕ್ಕಿ ತಾನೇ ಅಕ್ಕ, ನಾನ್ ತಂದ್ಹಾಕ್ತೀನಿ” ಎಂದೆ.

ತಂದೂ ಹಾಕಿದೆ, ಅದರಲ್ಲೂ ಚೌಕಾಸಿ ಮಾಡಿ. ಸ್ವಲ್ಪ ದಿನ ಕಳೆದ ಮೇಲೆ ಒಂದು ತಿಂಗಳು ತಪ್ಪಿತು, ಮುಂದಿನದೂ ತಪ್ಪಿತು. ಅವಳು ಕೇಳಲಿಲ್ಲ. ಆಹಾರ ಇಲಾಖೆಯ ಕಚೇರಿಗೆ ಹೋಗಿ ಕಾರು ನನ್ನದಲ್ಲ ಅಂತ ಅವಳು ಒಂದು ಮಾತು ಹೇಳಬಹುದಿತ್ತು. ಆದರೆ ತನ್ನದೇ ಅಂತ ಅವಳು ಇನ್ನೊಂದು ಕಚೇರಿಯಲ್ಲಿ ಸಹಿ ಹಾಕಿದ್ದಳಲ್ಲ! ಹೇಳಿದರೆ ತಮ್ಮ ಸಿಕ್ಕಿಬೀಳುತ್ತಾನೆ. ಅದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಅಂತ ನನಗೂ ಗೊತ್ತಿತ್ತು. ಆ ಧೈರ್ಯದ ಮೇಲೆ ನಾನು ಹಾಯಾಗಿ ಕಾರು ಓಡಿಸಿಕೊಂಡಿದ್ದೆ.

ಒಂದು ದಿನ ದಾರ ಪೋಣಿಸಲು ಆಗುತ್ತಿಲ್ಲ ಎಂದಳು. ಸರ್ಕಾರಿ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ — ಅದೇ ಕಾರಿನಲ್ಲಿ, ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು. ಕೌಂಟರಿನಲ್ಲಿದ್ದಾಕೆ ಕಂಪ್ಯೂಟರ್ ನೋಡಿ, “ನಿಮ್ಮ ಹೆಸ್ರಲ್ಲಿ ಕಾರಿದೆಯಲ್ಲಮ್ಮ, ಕಾರ್ಡ್ ರದ್ದಾಗಿದೆ. ಇಲ್ಲಿ ಫ್ರೀ ಬರಲ್ಲ. ಹೋದ್ಸಲಾನೂ ಹೇಳಿದ್ವಲ್ಲ” ಅಂದರು.

ಹೋದ ಸಲ! ಅವಳು ಮೊದಲೇ ಒಬ್ಬಳೇ ಬಂದಿದ್ದಳು. ಕಣ್ಣಿನೊಳಗಿನ ಒತ್ತಡ ಏರಿದೆ, ಕೂಡಲೇ ಶಸ್ತ್ರಚಿಕಿತ್ಸೆ ಆಗಬೇಕು ಅಂದಿದ್ದರಂತೆ. ಖರ್ಚು ಕೇಳಿ ವಾಪಸು ಹೋಗಿದ್ದಳು. ನನಗೆ ಹೇಳಿರಲಿಲ್ಲ. ಪಾಪ, ದಿವಾಳಿಯಾದವನು, ಇವನ ತಲೆಯ ಮೇಲೆ ಇದನ್ನೂ ಯಾಕೆ ಹಾಕಲಿ ಅಂತ.

ಕಾರಿನ ಕೀಲಿ ನನ್ನ ಕೈಯಲ್ಲೇ ಇತ್ತು. ಕೌಂಟರಿನಾಕೆ ನೋಡಿಯಾರು ಅಂತ ಅದನ್ನು ಜೇಬಿಗಿಳಿಸಿದೆ. ಇದು ನಾನು ಮಾಡಿದ ಕೆಲಸಗಳಲ್ಲೆಲ್ಲ ಚಿಕ್ಕದು, ಆದರೆ ಇದನ್ನು ನೆನೆದಾಗ ಆಗುವಷ್ಟು ಅಸಹ್ಯ ನನಗೆ ಬೇರೆ ಯಾವುದನ್ನು ನೆನೆದರೂ ಆಗುವುದಿಲ್ಲ. ಅಕ್ಕ ನನ್ನ ಕಡೆ ತಿರುಗದೆ ಅವರಿಗೆ “ಹೌದಮ್ಮ, ಇದೆ” ಅಂದಳು.

ಆಪರೇಷನ್ ಮಾಡಿಸಿದೆ. ಹೋದ ದೃಷ್ಟಿ ಬರುವುದಿಲ್ಲ ಎಂದರು. ಎಡಗಣ್ಣು ಹೋಯಿತು. ಕುಚ್ಚಿನ ಕೆಲಸ ನಿಂತಿತು. ಅಷ್ಟಾದರೂ ನಾನು ಬಾಯಿ ಬಿಡಲಿಲ್ಲ.

ಈಗ ಬಲಗಣ್ಣಿನಲ್ಲೂ ಒತ್ತಡ ಶುರುವಾಗಿದೆ. ಇನ್ನು ಜೀವಮಾನವಿಡೀ ಔಷಧಿ, ತಪಾಸಣೆ. ಅವಳಿಗೆ ಆ ಕಾರ್ಡು ಬೇಕು. ಅದು ನ್ಯಾಯವಾಗಿ ಅವಳದು.

ವಕೀಲರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಒಂದು ದಾರಿ ತೋರಿಸಿದರು. ಕಾರನ್ನು ಸದ್ದಿಲ್ಲದೆ ಮಾರಿ, ಅಕ್ಕನ ಹೆಸರಿನಿಂದ ಇಳಿಸಿ, ಹೊಸ ಕಾರ್ಡಿಗೆ ಅರ್ಜಿ ಹಾಕುವುದು. ನನಗೆ ತೊಂದರೆಯಿಲ್ಲ. ಎಂಥ ಸಲೀಸಾದ ವ್ಯವಹಾರ ನೋಡಿ. ಹಳೆಯ ನಾನಾಗಿದ್ದರೆ ಅಲ್ಲೇ ಕೈ ಕುಲುಕುತ್ತಿದ್ದೆ. ಆದರೆ ಕಡತದಲ್ಲಿ ಅಕ್ಕ ಕಾರು ಕೊಂಡು ಬಡವರ ಅಕ್ಕಿ ತಿಂದವಳಾಗಿಯೇ ಉಳಿಯುತ್ತಾಳೆ. ಭಾವ ಕಳ್ಳದುಡ್ಡು ಕೂಡಿಟ್ಟವರಾಗಿ ಉಳಿಯುತ್ತಾರೆ. ಕಾಗದದ ವ್ಯಾಪಾರಿಗೆ ಸೇರಬೇಕಾದದ್ದು ಮತ್ತೆ ನನ್ನ ಜೇಬಿಗೆ ಬರುತ್ತದೆ. ಬೇಡ ಎಂದೆ. ಸತ್ಯ ಹೇಳಿದರೆ ಕೋರ್ಟು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ, ಜೈಲೂ ಆಗಬಹುದು ಎಂದರು. ಆಗಲಿ ಎಂದೆ. ನಿಮ್ಮಕ್ಕನೂ ಸುಳ್ಳು ಹೇಳಿದ್ದಾರಲ್ಲ ಎಂದರು. ಆ ಸುಳ್ಳನ್ನು ಕೂರಿಸಿಕೊಂಡು ಕಲಿಸಿದವನು ನಾನು. ಹಾಗಂತಲೇ ಪ್ರಮಾಣಪತ್ರದಲ್ಲಿ ಬರೆಸಿದ್ದೇನೆ. ಕಾರನ್ನು ನಿನ್ನೆ ತೊಳೆಸಿ, ಕೀಲಿಯನ್ನು ವಕೀಲರ ಬಳಿ ಬಿಟ್ಟು ಬಂದಿದ್ದೇನೆ. ಕೋರ್ಟಿನ ಆದೇಶ ಬರುವ ತನಕ ಕಣ್ಣು ಕಾಯುವುದಿಲ್ಲ. ಈಗ ಬೇರೆಯವರ ಅಂಗಡಿಯಲ್ಲಿ ಖರೀದಿ ನೋಡಿಕೊಳ್ಳುತ್ತೇನೆ, ಆ ಸಂಬಳ ಬಲಗಣ್ಣಿಗೆ. ಇದನ್ನು ದಾನವೆಂದು ಯಾರೂ ತಿಳಿಯಬೇಡಿ.

ಇವತ್ತು ಸಂಜೆ ಅಕ್ಕನಿಗೆ ಹೇಳಲು ಹೋದೆ. ನಾಳೆ ರಿಸೀವರ್ ಮುಂದೆ ಹೋಗುತ್ತೇನೆ, ನೀನು ಬರುವುದು ಬೇಡ, ಎಲ್ಲ ನಾನೇ ಹೇಳುತ್ತೇನೆ ಎಂದೆ. ಕ್ಷಮಿಸು ಅನ್ನಲೂ ಹೊರಟೆ. ಅವಳು ಕೈಯೆತ್ತಿ ತಡೆದಳು.

“ನಾನೂ ಬರ್ತೀನಿ ನಾಣಿ. ಕಾರು ನಂದಲ್ಲ ಅಂತ ನನ್ನ ಬಾಯಿಂದ್ಲೇ ಹೇಳ್ಬೇಕು.”

ಹಾಗಾದರೆ ಅವರು ಏನೇನು ಕೇಳಬಹುದು, ಅದಕ್ಕೆ ಏನೇನು ಹೇಳಬೇಕು ಅಂತ ನಾನು ಶುರುಮಾಡಿದೆ. ಹಳೆಯ ಚಾಳಿ.

“ಹೇಳ್ಕೊಡ್ಬೇಡ” ಅಂದಳು. ದನಿ ಏರಿಸಲಿಲ್ಲ. “ನೀನ್ ಹೇಳ್ಕೊಟ್ಟಿದ್ದನ್ನ ಒಂದ್ಸಲ ಹೇಳಿದೀನಿ. ಸಾಕು.”

ಬೆಳಿಗ್ಗೆ ಬಸ್ಸಿನಲ್ಲಿ ಹೋಗುತ್ತೇವೆ. ಹೆಂಗಸರಿಗೆ ಬಸ್ಸು ಫ್ರೀ, ಅವಳಿಗೆ ಟಿಕೆಟ್ಟು ಬೇಕಿಲ್ಲ; ನಿನಗೆ ಬೇಕಾದಷ್ಟು ಚಿಲ್ಲರೆ ಇಟ್ಟುಕೊ ಅಂತ ಹೇಳಿ ಕಳಿಸಿದಳು. ಒಳಗೆ ಅವಳನ್ನೇ ಮೊದಲು ಕರೆಯಬಹುದು. ನನ್ನ ಬಗ್ಗೆ ಅವಳು ಏನು ಹೇಳುತ್ತಾಳೋ ನಾನು ಕೇಳಿಲ್ಲ. ಏನು ಹೇಳಿದರೂ, ಅದು ನಿಜ ಎಂದು ಅದರ ಕೆಳಗೆ ನನ್ನ ಸಹಿ ಇರುತ್ತದೆ.