ರೊಟ್ಟಿ ಲೆಕ್ಕದ ಮುನಶಿ

ಹಣಮಂತ್ರಾಯ ಮುನಶಿ ಒಂದು ತಾಸು ಒಂದೇ ಕಡೆ ಕೂತಿದ್ದನ್ನು ನಾನು ಕಂಡಿಲ್ಲ. ಊಟಕ್ಕೆ ಕೂತರೆ ಎರಡು ಸಲ ಎದ್ದು ಬಾಗಿಲ ತನಕ ಹೋಗಿ ಬರುತ್ತಿದ್ದ. ಬರೆಯುವಾಗ ಲೇಖಣಿಯ ಹಿಂಬದಿ ಕಚ್ಚಿ ಕಚ್ಚಿ ಹಲ್ಲೇ ಸವೆದಿತ್ತು. ನನಗಿಂತ ಎರಡು ವರ್ಷ ಚಿಕ್ಕವನು, ಅದಕ್ಕೆ ಏಕವಚನ. ಊರು ಕಡಗಂಚಿ, ಒಕ್ಕಲುತನದ ಮನೆ. ನಾಲ್ಕು ಅಕ್ಷರ ಉರ್ದು ಬರುತ್ತಿದ್ದುದರಿಂದ ನಿಜಾಮರ ಸರಕಾರದ ಪೊಲೀಸು ಕಚೇರಿಯಲ್ಲಿ ಬರೆಯುವ ಕೆಲಸ ಸಿಕ್ಕಿತ್ತು. ನಾನು ಅವನ ಜವಾನ. ಕಾಗದದ ಗಂಟು ಹೊತ್ತು ಅವನ ಹಿಂದೆ ತಿರುಗುವುದು ನನ್ನ ಪಾಲು.

ನಲವತ್ತೇಳರಲ್ಲಿ ಗಲಾಟೆ ಶುರುವಾಗಿ ಪೊಲೀಸು ಚೌಕಿಗಳ ಕೋಣೆಗಳು ತುಂಬತೊಡಗಿದವು. ಒಳಗೆ ಎಷ್ಟು ಜನ ಇದ್ದಾರೆ ಎಂದು ಮೇಲಿನವರು ವಾರ ವಾರ ಕೇಳುತ್ತಿದ್ದರು. ಆಳಂದ ಕಡೆಯ ಚೌಕಿಯವರು ಹಿಡಿದವರನ್ನೆಲ್ಲ ಬರೆಯುತ್ತಿದ್ದರು, ಸಂಜೆಗೆ ಬಿಟ್ಟವನೂ ಅದರಲ್ಲೇ. ಅಫಜಲಪುರ ಕಡೆಯವರಿಗೆ ಒಂದು ಜಗಳ ಅಂದರೆ ಒಂದು ಲೆಕ್ಕ. ಹತ್ತು ಜನ ಬಡಿದಾಡಿ ಒಳಗೆ ಬಂದರೂ ಕಾಗದದಲ್ಲಿ ಒಂದೇ. ಜೇವರ್ಗಿ ಕಡೆ ಜಮಾದಾರನಿಗೆ ನೆನಪಿದ್ದಷ್ಟು. ಈ ಮೂರನ್ನೂ ಕೂಡಿಸಿ ಹಣಮಂತ್ರಾಯ ಒಂದು ಅಂಕಿ ಕೊಡಬೇಕು. ಎತ್ತು, ಎಮ್ಮೆ, ಸೇರು ಜೋಳ ಕೂಡಿಸು ಅಂದ ಹಾಗೆ.

ಮೂರು ದಿನ ಅಂಗಳ ಸುತ್ತಿ ಅವನೇ ಒಂದು ದಾರಿ ತೆಗೆದ. ಕೋಣೆಯಲ್ಲಿದ್ದವನಿಗೆ ಹೊತ್ತಿಗೆ ಎರಡು ಜೋಳದ ರೊಟ್ಟಿ. ಯಾರಿಗೆ ಕೊಟ್ಟೆ ಅಂತ ಅಡಿಗೆಯವನು ಹೆಸರು ಬರೆಸುತ್ತಾನೆ, ಇಲ್ಲದಿದ್ದರೆ ಅವನಿಗೆ ಹಿಟ್ಟು ಸಿಗುವುದಿಲ್ಲ. ಆ ಪುಸ್ತಕ ನೋಡಿದರೆ ಮುಗಿಯಿತು.

"ಜಮಾದಾರ ಸುಳ್ಳ ಹೇಳ್ತಾನ, ರೊಟ್ಟಿ ಹೇಳಂಗಿಲ್ಲ ನೋಡು ಮಾಳಿಂಗಪ್ಪ" ಎಂದ.

ಮೂರು ತಾಲೂಕಿನಲ್ಲೂ ಅದೇ ಲೆಕ್ಕ ನಡೆಯಿತು. ಮೇಲಿನವರು ಭೇಷ್ ಅಂದರು. ನಾನೂ ಅಂದೆ.

ಮರುವರ್ಷ ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂತು, ನಿಜಾಮರ ಸರಕಾರ ಹೋಯಿತು. ಕೋಣೆಗಳು ಖಾಲಿಯಾಗಲಿಲ್ಲ, ಇನ್ನಷ್ಟು ತುಂಬಿದವು. ಕಲಬುರ್ಗಿಗೆ ಬಂದ ಹೊಸ ಸಾಹೇಬರು ಹುಕುಂ ಕಳಿಸಿದರು: ಮೂರು ತಾಲೂಕಿಗೆ ಒಂದೇ ತಖ್ತೆ, ಅಂದರೆ ಒಂದೇ ಪಟ್ಟಿ ಬೇಕು, ಹದಿನೈದು ದಿನದೊಳಗೆ. ಯಾರು ಒಳಗಿದ್ದಾರೆ, ಎಂದಿನಿಂದ, ಯಾವ ಕೇಸಿಗೆ. ಆ ತಖ್ತೆ ಹಿಡಿದು ಮ್ಯಾಜಿಸ್ಟ್ರೇಟರು ಚೌಕಿಗೆ ಬರುತ್ತಾರೆ, ಹೆಸರು ಕೂಗುತ್ತಾರೆ, ಕೇಸಿಲ್ಲದವನನ್ನು ಬಿಡುತ್ತಾರೆ. ಅದರಲ್ಲಿ ಹೆಸರಿಲ್ಲದವನನ್ನು ಕೂಗುವುದಿಲ್ಲ.

ಆಳಂದ, ಅಫಜಲಪುರ ಮುಗಿಸಿ ಹನ್ನೊಂದನೇ ದಿನ ಜೇವರ್ಗಿ ಆಚೆಯ ಒಂದು ಚೌಕಿಗೆ ಬಂದೆವು. ಊರ ಹೆಸರು ಬೇಡ. ಹೊರಗೆ ಬೇವಿನ ಗಿಡದ ಕೆಳಗೆ ಹೆಣ್ಣುಮಕ್ಕಳು ಕೂತಿದ್ದರು. ಒಬ್ಬಾಕೆ ಎದ್ದು ಬಂದಳು. ಹೆಸರು ಮರೆಮ್ಮ. ಎರಡು ಹರದಾರಿ ದೂರದ ಊರು, ಹೊಲಗೇರಿಯವಳು, ಕೂಲಿ ಮಾಡುವವಳು. ಮಗ ಅಣ್ಣಾರಾಯ ಎರಡು ತಿಂಗಳಿಂದ ಒಳಗಿದ್ದ. ಊರಲ್ಲಿ ಗಲಾಟೆಯಾದ ದಿನ ದಾರಿಯಲ್ಲಿ ಸಿಕ್ಕ ಎಂದು ಹಿಡಿದಿದ್ದರು, ಅಷ್ಟೇ.

"ಎಪ್ಪಾ, ನನ್ನ ಮಗನ ಹೆಸರ ಬಂದಾದೇನ್ರಿ?"

ಹಣಮಂತ್ರಾಯ ಒಳಗೆ ಹೋಗಿ ರೊಟ್ಟಿಯ ಪುಸ್ತಕ ನೋಡಿದ. ಹತ್ತೊಂಬತ್ತು ಹೆಸರು, ಅಣ್ಣಾರಾಯ ಇರಲಿಲ್ಲ. ಹೊರಗೆ ಬಂದು, "ಇಲ್ಲಿ ಇಲ್ಲಬೇ ಯವ್ವಾ, ಬ್ಯಾರೆ ಚೌಕಿಗಿ ಒಯ್ದಿರಬೇಕು" ಅಂದ.

"ಈಗಽ ಕಿಡಿಕ್ಯಾಗ ಮಾತಾಡ್ಸಿ ಬಂದೇನ್ರಿ!"

ಪಕ್ಕದಲ್ಲಿದ್ದ ಹಜರಾಬಿ ನಕ್ಕಳು. ಅವಳ ತಮ್ಮನೂ ಒಳಗಿದ್ದ. "ನಮ್ಮಾಂವಂದು ಬಂದಾದ. ಯಾಕಂದ್ರ ನಾ ಬುತ್ತಿ ತರಂಗಿಲ್ಲ, ನನ್ನ ಮನ್ಯಾಗ ನನಗಽ ಇಲ್ಲ. ಅಂವ ಸರ್ಕಾರದ ರೊಟ್ಟಿ ತಿಂತಾನ. ನಿನ್ನ ಮಗ ನವಾಬ ನೋಡು, ಅವ್ವನ ಕೈಯಾಂದು ಬೇಕು ಅವಗ."

ಹಣಮಂತ್ರಾಯನಿಗೆ ಆಗ ತಿಳಿಯಿತು. ಮನೆಯ ಬುತ್ತಿ ತಿನ್ನುವವನಿಗೆ ಚೌಕಿಯ ರೊಟ್ಟಿ ಇಲ್ಲ, ರೊಟ್ಟಿ ಇಲ್ಲದವನಿಗೆ ಪುಸ್ತಕದಲ್ಲಿ ಹೆಸರಿಲ್ಲ. ದಿನಾ ನಾಲ್ಕು ಹರದಾರಿ ತುಳಿದು ಈ ತಾಯಿ ಮಗನ ಹೆಸರನ್ನು ತಾನೇ ಅಳಿಸುತ್ತ ಬಂದಿದ್ದಳು. ಹಾಗಾಗುವ ಲೆಕ್ಕ ಕಟ್ಟಿದವನು ಇವನು.

ಗಿಡದ ಸುತ್ತ ಎರಡು ಸಲ ತಿರುಗಿ ಬಂದು ಸುಲಭದ ಮಾತು ಹೇಳಿದ. "ಯವ್ವಾ, ಒಂದು ಕೆಲಸ ಮಾಡು. ನಾಕ ದಿನ ಬುತ್ತಿ ತರಬ್ಯಾಡ. ಇಲ್ಲೀದು ತಿನ್ಲಿ. ಹೆಸರ ತಾನಽ ಬರ್ತಾದ."

ಮರೆಮ್ಮ ಅವನನ್ನು ನೆಟ್ಟಗೆ ನೋಡಿದಳು. "ಇಲ್ಲಿ ನಮ್ಮ ಮಂದಿಗಿ ರೊಟ್ಟಿ ಹ್ಯಾಂಗ ಕೊಡ್ತಾರ ಗೊತ್ತದ ಏನ್ರಿ? ಬಾಗಲದಾಗ ನಿಂತು ಒಗೀತಾರ. ಮೊದಲ್ನೇ ದಿನ ಒಗದ್ರು, ಅಂವ ಮುಟ್ಟಲಿಲ್ಲ. ಒಗದ ರೊಟ್ಟಿ ತಿಂದ್ರ ಲೆಕ್ಕಕ್ಕ ಬರ್ತಾನ, ತಿನ್ನಲಿಲ್ಲಂದ್ರ ಮನಷಾ ಅಲ್ಲೇನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತ ತಿಳಿಯಲಿಲ್ಲ. ಹಣಮಂತ್ರಾಯ ಒಳಗೆ ನುಗ್ಗಿದ.

"ಜಮಾದಾರ್ರೇ, ಎಲ್ಲಾರ್ನೂ ಅಂಗಳಕ್ಕ ಕರೀರಿ. ತಲಿ ಎಣಸ್ತೇನಿ."

ಜಮಾದಾರ ಅಮೋಘಸಿದ್ದ ಅಡಿಕೆ ಕತ್ತರಿಸುತ್ತಿದ್ದ. ಏಳಲಿಲ್ಲ. "ಹೋದ ವಾರ ಹತ್ತೊಂಬತ್ತ ಅಂತ ಬರದು ಸಹಿ ಮಾಡೇನಿ. ಈಗ ಹೆಚ್ಚಾದ್ರ ಇಷ್ಟು ದಿನ ಇವ್ರೆಲ್ಲಿದ್ರು ಅಂತ ನನಗ ಕೇಳ್ತಾರ. ರೊಟ್ಟಿ ಲೆಕ್ಕ ಕಲಿಸ್ದವ್ರು ಯಾರ್ರಿ? ನೀವಽ ಅಲ್ಲ? ಗುರುಗೋಳು ಈಗ ಮಂತ್ರ ಬದಲ ಮಾಡಾಕತ್ತೀರೇನು?"

ನಾನು ಅವನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿಯೇಬಿಟ್ಟೆ. ಹಣಮಂತ್ರಾಯ ನನ್ನ ರಟ್ಟೆ ಹಿಡಿದು ಎಳೆದ. "ಬಿಡು. ಅಂವ ಖರೇನಽ ಹೇಳಾಕತ್ತಾನ." ಆಮೇಲೆ ಜಮಾದಾರನಿಗೆ, "ತಪ್ಪು ನಂದಂತ ನಾ ಬರದು ಕೊಡ್ತೇನಿ. ನಿಮ್ಮ ಹೆಸರ ಬರಂಗಿಲ್ಲ. ಬಾಗಲಾ ತೆಗಸ್ರಿ" ಎಂದ.

ಬಾಗಿಲು ತೆಗೆದರು. ಒಬ್ಬೊಬ್ಬರೇ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದರು. ಇಪ್ಪತ್ತಾರು ಜನ. ಪುಸ್ತಕದಲ್ಲಿಲ್ಲದವರು ಏಳು, ಅವರಲ್ಲಿ ಅಣ್ಣಾರಾಯ ಒಬ್ಬ. ಇನ್ನೊಬ್ಬ ಮುದುಕ, ಐದು ತಿಂಗಳಿಂದ ಅಣ್ಣನ ಮನೆಯ ಬುತ್ತಿ ಉಂಡುಕೊಂಡಿದ್ದ. ಹಿಂದಿನ ಸರಕಾರ ಹೋದದ್ದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಹಣಮಂತ್ರಾಯ ನೆಲದ ಮೇಲೆ ಕೂತು ಹೊಸ ಗೆರೆ ಎಳೆದ. ಒಬ್ಬ ಮನುಷ್ಯ, ಒಂದು ಗೆರೆ. ಹೆಸರು, ಊರು, ಹಿಡಿದ ದಿನ, ಕೇಸು ಇದೆಯೋ ಇಲ್ಲವೋ. ಎಲ್ಲಿಯ ಅನ್ನ ಉಂಡರೂ ಸರಿ. ಕೆಳಗೆ ಬರೆದ: ಹೋದ ವರ್ಷದ ರೊಟ್ಟಿ ಲೆಕ್ಕ ನನ್ನದು, ಅದು ತಪ್ಪು. ಸಹಿ ಹಾಕಿ ತಕ್ಷಣ ಎದ್ದ.

"ನಡಿ, ಹಿಂದಕ್ಕ ಹೋಗೋಣು."

"ಎಲ್ಲಿಗಿ?"

"ಅಫಜಲಪುರಕ್ಕ, ಆಳಂದಕ್ಕ. ಅಲ್ಲೀನೂ ಪುಸ್ತಕಾ ನೋಡೇ ಬರದೇವಲ್ಲೋ ಮಾರಾಯಾ!"

ಉಳಿದದ್ದು ನಾಲ್ಕು ದಿನ. ಸಿಕ್ಕ ಬಂಡಿ ಹತ್ತಿದೆವು, ಸಿಗದ ಕಡೆ ನಡೆದೆವು. ಭೀಮಾ ನದಿ ದಾಟುವಾಗ ದೋಣಿಯಲ್ಲೂ ಅವನು ನಿಂತೇ ಇದ್ದ, ಅಂಬಿಗ ಬೈದ. ಅಫಜಲಪುರದ ಕಡೆ ಒಂಬತ್ತು ಜನ ಹೆಚ್ಚಾದರು, ಆಳಂದದ ಕಡೆ ಮೂರು. ತಖ್ತೆ ಕಲಬುರ್ಗಿಗೆ ಮುಟ್ಟಿದಾಗ ಎರಡು ದಿನ ತಡವಾಗಿತ್ತು. ತಡ ಮಾಡಿದ್ದಕ್ಕೂ ತಪ್ಪು ಒಪ್ಪಿದ್ದಕ್ಕೂ ಸೇರಿಸಿ ಅವನ ಬಡ್ತಿ ನಿಲ್ಲಿಸಿದರು.

ಮ್ಯಾಜಿಸ್ಟ್ರೇಟರು ಬಂದ ದಿನ ನಾವೂ ಆ ಚೌಕಿಯಲ್ಲಿದ್ದೆವು. ಅಣ್ಣಾರಾಯನ ಹೆಸರು ಇಪ್ಪತ್ತೆರಡನೆಯದಾಗಿ ಕೂಗಿದರು. ಕೇಸೇನು ಅಂದರು. ಜಮಾದಾರ ತಲೆ ಕೆರೆದುಕೊಂಡ. "ಬಿಡಿ" ಅಂದರು, ಎರಡು ನಿಮಿಷದ ಕೆಲಸ. ಮರೆಮ್ಮ ಮಗನ ತೋಳು ಹಿಡಿದುಕೊಂಡು ಹೊರಟವಳು ಮುನಶಿಯ ಕಡೆ ತಿರುಗಿ, "ಬರ್ತೇವ್ರಿ" ಅಂದಳು, ಅಷ್ಟೇ. ಅದಕ್ಕಿಂತ ಹೆಚ್ಚು ಯಾಕೆ ಅನ್ನಬೇಕು?

ನಾನು ಅಂದೆ, "ಮುಗೀತಲ್ಲ, ಇನ್ನರೇ ಒಂದು ಕಡೆ ಕೂಡು."

"ಎಲ್ಲಿ ಮುಗೀತು? ಹೋದ ವರ್ಷಿಡೀ ರೊಟ್ಟಿ ಲೆಕ್ಕ ಕಳಿಸೇನಿ. ಆವಾಗ ಬುತ್ತಿ ಉಂಡವರು ಎಷ್ಟು ಮಂದಿ? ಎಲ್ಲಿ ಹೋದ್ರು ಅವರು?"

ಅದನ್ನು ಕಚೇರಿಗೂ ಬರೆದ. ಹಳೆಯ ಸರಕಾರದ ಲೆಕ್ಕ ಈಗ ಬೇಕಿಲ್ಲ ಎಂದು ಉತ್ತರ ಬಂತು. ಹಣಮಂತ್ರಾಯ ಅದನ್ನು ಓದಿ, ಮಡಿಚಿ, ಕಿಸೆಯಲ್ಲಿಟ್ಟುಕೊಂಡ. ಮರುದಿನವೇ ರಜೆ ಕೇಳಿದ, ಕೊಡಲಿಲ್ಲ, ಹಾಗೇ ಹೊರಟ. ಗಂಟು ಹೊತ್ತು ನಾನೂ ಹೊರಟೆ, ಬೈಯುತ್ತಲೇ.

ನರೋಣಾ ದಾರಿಯ ಮೊದಲ ಚೌಕಿ ಬಂತು. ಅವನು ಒಳಗೆ ಹೋಗಲಿಲ್ಲ. ಎದುರಿನ ಬಾವಿಕಟ್ಟೆಯ ಮೇಲೆ ನೀರು ಸೇದುತ್ತಿದ್ದ ಮುದುಕಿಯ ಹತ್ತಿರ ಹೋದ.

"ಯವ್ವಾ, ಹೋದ ವರ್ಷ ಈ ಚೌಕಿಗಿ ಬುತ್ತಿ ಹೊತ್ತು ಯಾರ್ಯಾರ ಬರ್ತಿದ್ರು? ನೆನಪಾದಷ್ಟು ಹೇಳು, ನಾ ಬರಕೋತೇನಿ."